ಒಗೆಯುವ ಕಲ್ಲಿನ ಮೇಲೊಂದು ಸ್ವೆಟರ್

ಆ ಶನಿವಾರವೂ ನಮ್ಮ ಮನೆ ಎಂದಿನಂತೆಯೇ ಎದ್ದಿತು. ಐದು ಗಂಟೆಗೆ ಅಲಾರಂ ಬಡಿದುಕೊಂಡಿತು; ಅದರ ತಲೆಯ ಮೇಲೊಂದು ಕೊಟ್ಟು ಸುಮ್ಮನಾಗಿಸಿದೆ. ಸೀಮೆಎಣ್ಣೆ ಸ್ಟೌವಿನ ಹತ್ತು ಬತ್ತಿಗಳಲ್ಲಿ ಒಂಬತ್ತು ಹತ್ತಿಕೊಂಡವು, ಹತ್ತನೆಯದು ಅಭ್ಯಾಸದಂತೆ ಹೊಗೆಯಾಡಿ ಮುನಿಸಿಕೊಂಡಿತು. ಹಾಲು ಕಾಯಲು ಇಟ್ಟೆ, ಫಿಲ್ಟರಿಗೆ ಬಿಸಿನೀರು ಸುರಿದೆ. ಗೋಡೆಯಾಚೆ ನೀಲವ್ವನವರ ಮನೆಯಲ್ಲಿ ಜೋಳದ ರೊಟ್ಟಿ ತಟ್ಟುವ ಸದ್ದು ಆಗಲೇ ಶುರುವಾಗಿತ್ತು. ಅವರದು ಗದಗಿನ ಕಡೆ. ಗಂಡನಿಗೆ ಕಾರ್ಖಾನೆಯಲ್ಲಿ ಮೊದಲ ಶಿಫ್ಟು. ನಾಲ್ಕು ಗಂಟೆಗೇ ಏಳುವ ಆ ತಾಯಿ ನಮ್ಮ ಯಲಹಂಕದ ಕೋಳಿಗಳನ್ನೆಲ್ಲ ನಾಚಿಸಿದ್ದರು. ಒಳಗೆ ನಮ್ಮ ಮನೆಯವರು ಗೊರಕೆಯ ಕೊನೆಯ ಚರಣದಲ್ಲಿದ್ದರು, ಮಗಳು ಪ್ರೇಮ ಕಂಬಳಿಯೊಳಗೆ ಮುದುಡಿದ್ದಳು. ಎಲ್ಲವೂ ಎಂದಿನಂತೆಯೇ. ಒಂದೇ ವ್ಯತ್ಯಾಸವೆಂದರೆ, ಆ ದಿನ ಹಿತ್ತಲ ಬಾಗಿಲನ್ನು ಮಾತ್ರ ನಾನು ಇನ್ನೂ ತೆಗೆದಿರಲಿಲ್ಲ. ಏಕೆಂದರೆ ಬಾಗಿಲಾಚೆ, ಒಗೆಯುವ ಕಲ್ಲಿನ ಮೇಲೆ, ನಮ್ಮ ಮನೆಯವರ ಸ್ವೆಟರ್ ಇತ್ತು. ಆ ಸ್ವೆಟರಿನಲ್ಲಿ ನನಗೆ ದೇವರ ಉತ್ತರವಿತ್ತು.

ನಿಮಗೆ ನಗು ಬರಬಹುದು. ನಗುವ ಮುಂಚೆ ನನ್ನ ಕಾಯಿಲೆಯ ವಿಷಯ ಕೇಳಿಬಿಡಿ. ಕೆಲವರಿಗೆ ಮಂಡಿನೋವು, ಕೆಲವರಿಗೆ ಸಕ್ಕರೆ. ನನಗೆ ದೇವರ ಚಿತ್ತ. ಯಾವ ಕೆಲಸಕ್ಕೆ ಕೈ ಹಾಕಿದರೂ ಇದು ಅವನ ಚಿತ್ತವೋ ಅಲ್ಲವೋ ಎಂದು ಯೋಚಿಸುತ್ತ ನಿಂತುಬಿಡುತ್ತೇನೆ. ಒಮ್ಮೆ ಮೆಜೆಸ್ಟಿಕ್ಕಿಗೆ ಹೋಗಲು ಒಟ್ಟಿಗೆ ಎರಡು ಬಸ್ಸು ಬಂದು ನಿಂತಾಗ, ಯಾವುದನ್ನು ಹತ್ತಬೇಕೆಂದು ಕಣ್ಣು ಮುಚ್ಚಿ ಕೇಳಿಕೊಂಡೆ. "ಹತ್ತಮ್ಮಾ, ಇಲ್ಲ ದಾರಿ ಬಿಡಮ್ಮಾ! ನಿದ್ದೆ ಮಾಡಕ್ಕೆ ಮನೆ ಇಲ್ವಾ?" ಎಂದು ಕಂಡಕ್ಟರ್ ಕೂಗಿದ. ಕಣ್ಣು ಬಿಡುವಷ್ಟರಲ್ಲಿ ಎರಡೂ ಹೋಗಿದ್ದವು. ಮನೆಗೆ ಬಂದು, ಇವತ್ತು ಮೆಜೆಸ್ಟಿಕ್ಕಿಗೆ ಹೋಗುವುದು ದೇವರಿಗೆ ಇಷ್ಟವಿರಲಿಲ್ಲ ಅಂದೆ. "ಪಾಪ, ದೇವರಿಗೆ ಬಾಯಿಲ್ಲ ಅಂತ ಎಲ್ಲಾ ಅವನ ಮೇಲೇ ಹಾಕು" ಅಂದರು ನಮ್ಮ ಮನೆಯವರು. ಇವರನ್ನು ಮದುವೆಯಾಗುವ ಮುಂಚೆಯೂ ನಾನು ಮೂರು ತಿಂಗಳು ಪ್ರಾರ್ಥನೆ ಮಾಡಿದೆ. ಉತ್ತರ ಬರುವ ಮೊದಲೇ ನಮ್ಮಪ್ಪ ಮದುವೆಯ ಕಾಗದ ಅಚ್ಚು ಹಾಕಿಸಿಬಿಟ್ಟಿದ್ದರು. ಈಗ ಹದಿಮೂರು ವರ್ಷವಾಯಿತು. ಉತ್ತರ ಇನ್ನೂ ಬಂದಿಲ್ಲ. ಕೇಳುವುದನ್ನು ನಾನೇ ಬಿಟ್ಟಿದ್ದೇನೆ.

ಇನ್ನೊಂದು ಮಾತು. ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಸಿಸ್ಟರುಗಳು ಪ್ರಾರ್ಥನೆಯನ್ನು ಇಂಗ್ಲಿಷಿನಲ್ಲೇ ಕಲಿಸಿದ್ದರು. ಹೀಗಾಗಿ ಅನ್ನ ಸೀಯದಿರಲಿ, ನಲ್ಲಿಯಲ್ಲಿ ನೀರು ಬರಲಿ ಎನ್ನುವಂಥ ಚಿಲ್ಲರೆ ಪ್ರಾರ್ಥನೆಗಳನ್ನು ಕನ್ನಡದಲ್ಲೂ, ದೊಡ್ಡ ವಿಷಯಗಳನ್ನು ಇಂಗ್ಲಿಷಿನಲ್ಲೂ ಮಾಡುವುದು ನನಗೆ ರೂಢಿಯಾಗಿತ್ತು. ದೊಡ್ಡ ಆಫೀಸಿಗೆ ಅರ್ಜಿ ಬರೆಯುವಾಗ ನಾವೆಲ್ಲ ಮಾಡುವುದಿಲ್ಲವೇ, ಹಾಗೆ.

ಈ ಸಲದ ವಿಷಯ ದೊಡ್ಡದೇ. ನಮ್ಮ ಸಭೆಯ ದೇವಾಲಯದಲ್ಲಿ ಕಾಲಿನಿಂದ ತುಳಿಯುವ ಹಳೆಯ ಹಾರ್ಮೋನಿಯಂ ಒಂದಿದೆ. ಅದನ್ನು ನುಡಿಸುತ್ತಿದ್ದ ಮಾಸ್ತರು ಕಣ್ಣಿನ ಪೊರೆ ತೆಗೆಸಿಕೊಂಡು ಹಾಸಿಗೆ ಹಿಡಿದರು. ಕ್ರಿಸ್ಮಸ್‌ಗೆ ಹತ್ತು ದಿನ. ಹದಿನಾಲ್ಕು ಮಕ್ಕಳು ಹಾಡು ಕಲಿತು ನಿಂತಿದ್ದಾರೆ, ನುಡಿಸುವವರಿಲ್ಲ. ಆಗ ನನ್ನ ಮಗಳು, ಹತ್ತು ವರ್ಷದ ನನ್ನ ಸ್ವಂತ ಮಗಳು, ಅಯ್ಯನವರ ಮುಂದೆ ಕೈಯೆತ್ತಿ, "ನಮ್ಮಮ್ಮಂಗೆ ಬರುತ್ತೆ ಅಯ್ಯನೋರೇ. ಹಾಲು ಉಕ್ಕೋವರೆಗೂ ಅಡಿಗೆಮನೆ ಕಟ್ಟೆ ಮೇಲೆ ಬೆರಳಲ್ಲಿ ನುಡಿಸ್ತಾ ಇರ್ತಾರೆ. ಸೌಂಡ್ ಬರಲ್ಲ ಅಷ್ಟೇ" ಅಂದುಬಿಟ್ಟಿದ್ದಾಳೆ.

ಅಯ್ಯನವರು, ಅಂದರೆ ನಮ್ಮ ಸಭೆಯ ಪಾದ್ರಿಗಳು, ಮರುದಿನವೇ ಸೈಕಲ್ಲಿನಲ್ಲಿ ಬಂದರು. ಕಾಫಿ ಕುಡಿದು ಲೋಟ ಕೆಳಗಿಡುವ ಮುಂಚೆಯೇ, "ಅಮ್ಮಾ, ನೀವು ಕಾನ್ವೆಂಟಲ್ಲಿ ಪಿಯಾನೋ ಕಲ್ತಿದ್ರಂತೆ" ಅಂದರು. "ಪ್ರಾರ್ಥನೆ ಮಾಡಿ ಹೇಳ್ತೀನಿ ಅಯ್ಯನೋರೇ" ಅಂದೆ. ನಮ್ಮ ಸಭೆಯಲ್ಲಿ ಈ ಮಾತಿಗಿರುವ ಅರ್ಥ ನಿಮಗೆ ಗೊತ್ತಿರಲಿಕ್ಕಿಲ್ಲ. ಅದು 'ಆಗುವುದಿಲ್ಲ' ಎಂಬುದಕ್ಕೆ ಬಿಳಿ ಬಟ್ಟೆ ತೊಡಿಸಿದ ರೂಪ. ಅಯ್ಯನವರು ಇಪ್ಪತ್ತು ವರ್ಷದಿಂದ ಈ ಮಾತು ಕೇಳಿ ಕೇಳಿ ಪಳಗಿದವರು. "ಮಾಡಿ, ಮಾಡಿ. ಒಳ್ಳೇದು. ಶನಿವಾರ ನಾಲ್ಕು ಗಂಟೆಗೆ ಮಕ್ಕಳ ಪ್ರಾಕ್ಟೀಸು, ಅದರೊಳಗೆ ಮುಗಿಸಿ. ಆಗಲಿಲ್ಲ ಅಂದ್ರೆ ಟೇಪ್ ರೆಕಾರ್ಡರ್ ಹಾಕಿಬಿಡ್ತೀನಿ" ಅಂದು ಎದ್ದರು. ಆ ಟೇಪ್ ರೆಕಾರ್ಡರ್ ನಮಗೆಲ್ಲ ಪರಿಚಿತ. ಹೋದ ವರ್ಷ ಸುಗ್ಗಿಯ ಹಬ್ಬದಲ್ಲಿ ಸೆಲ್ಲು ಇಳಿದು, ದೇವದೂತರ ಹಾಡು ಎಮ್ಮೆಯ ಹಾಡಾಗಿತ್ತು. ಪ್ರೇಮ ಅಂದು ಸಂಜೆಯಿಂದ ನನ್ನ ಮುಖವನ್ನೇ ನೋಡುತ್ತ ಓಡಾಡತೊಡಗಿದಳು. ಅವಳು ಸಾಲಿನ ಮುಂದೆ ನಿಂತು ಒಂದು ಚರಣ ಒಂಟಿಯಾಗಿ ಹಾಡಬೇಕಿತ್ತು. "ಅಮ್ಮಾ, ಎಮ್ಮೆ ಜೊತೆ ನಾನು ಹಾಡಲ್ಲ" ಅಂದಳು. ಅಷ್ಟೇ.

ಆಸೆ ಇರಲಿಲ್ಲವೇ ಎಂದು ಕೇಳಿದರೆ, ಇತ್ತು. ಬೆರಳ ತುದಿಯಲ್ಲೆಲ್ಲ ಇತ್ತು. ಆದರೆ ಅದರ ಪಕ್ಕದಲ್ಲೇ ಒಂದು ಹೆದರಿಕೆಯೂ ಹದಿನಾಲ್ಕನೆಯ ವಯಸ್ಸಿನಿಂದ ಬಾಡಿಗೆಯಿಲ್ಲದೆ ವಾಸವಾಗಿತ್ತು. ಕಾನ್ವೆಂಟಿನ ವಾರ್ಷಿಕೋತ್ಸವದಲ್ಲಿ ನಾನು ಪಿಯಾನೋ ಮುಂದೆ ಕೂತು, ಅರ್ಧದವರೆಗೆ ಚೆನ್ನಾಗಿಯೇ ನುಡಿಸಿ, ಮುಂದಿನದು ಏನೆಂದು ಒಂದು ಕ್ಷಣ ಯೋಚಿಸಿದೆ. ಯೋಚಿಸಿದ್ದೇ ತಪ್ಪು. ಎಲ್ಲ ಹಾರಿಹೋಯಿತು. ಕೈಯೆತ್ತಿಕೊಂಡು ಚಾವಣಿ ನೋಡುತ್ತ ದೇವರನ್ನು ಕೇಳುತ್ತ ಕೂತೆ. ಮುಂದಿನ ಸಾಲಿನಲ್ಲಿದ್ದ ಬಿಷಪ್ಪರೂ ಏನಿದೆಯೋ ಎಂದು ಚಾವಣಿ ನೋಡಿದರಂತೆ. ಕೊನೆಗೆ ಸಿಸ್ಟರ್ ಅಗಾಥಾ ಪರದೆ ಎಳೆಸಿದರು. ಅಂದಿನಿಂದ ನಾಲ್ಕು ಜನರ ಎದುರು ನಾನು ನುಡಿಸಿದವಳಲ್ಲ. ಕಟ್ಟೆಯ ಮೇಲೆ ನುಡಿಸುವುದರಲ್ಲಿ ಒಂದು ಸುಖವಿದೆ. ಕಟ್ಟೆ ತಪ್ಪು ಹಿಡಿಯುವುದಿಲ್ಲ.

ಈಗ ಸ್ವೆಟರಿಗೆ ಬರುತ್ತೇನೆ. ಸತ್ಯವೇದದಲ್ಲಿ, ಅಂದರೆ ಬೈಬಲ್ಲಿನಲ್ಲಿ, ನನ್ನ ಹಾಗೆಯೇ ಅಂಜುಬುರುಕನಾದ ಒಬ್ಬ ರೈತನ ಕಥೆ ಬರುತ್ತದೆ. ಹೆಸರು ಹೇಳುವುದಿಲ್ಲ; ನನ್ನ ಜೊತೆ ಸೇರಿಸಿದರೆ ಅವನಿಗೆ ಅವಮಾನ. ದೇವರು ಅವನಿಗೆ ಯುದ್ಧಕ್ಕೆ ಹೋಗು ಅಂದ. ಅವನು ಕುರಿಯ ಉಣ್ಣೆಯನ್ನು ಕಣದಲ್ಲಿ ಹರಡಿ, ರಾತ್ರಿಯ ಇಬ್ಬನಿಯಿಂದ ಗುರುತು ಕೇಳಿದ. ಒಂದು ಸಲ ಉಣ್ಣೆ ಮಾತ್ರ ಒದ್ದೆಯಾಗಿ ನೆಲ ಒಣಗಿರಬೇಕು, ಇನ್ನೊಂದು ಸಲ ನೆಲವೆಲ್ಲ ಒದ್ದೆಯಾಗಿ ಉಣ್ಣೆ ಮಾತ್ರ ಒಣಗಿರಬೇಕು. ದೇವರು ಎರಡನ್ನೂ ಮಾಡಿ ತೋರಿಸಿದ. ಶುಕ್ರವಾರ ಸಂಜೆ, ಕ್ರಿಸ್ಮಸ್‌ಗೆ ಕರಿಯುವ ಸಿಹಿ ಕಲ್ಕಲ್‌ಗೆ ಹಿಟ್ಟು ನಾದುತ್ತಿದ್ದಾಗ ನನಗೆ ಈ ಕಥೆ ನೆನಪಾಯಿತು. ನಮ್ಮ ಮನೆಯಲ್ಲಿ ಕುರಿಯ ಉಣ್ಣೆಯೆಂದು ನಂಬಬಹುದಾದದ್ದು ಒಂದೇ: ಮದುವೆಯ ಮೊದಲ ವರ್ಷ ನಾನೇ ಹೆಣೆದ ಬೂದು ಬಣ್ಣದ ಸ್ವೆಟರ್. ಒಂದು ತೋಳು ಎರಡು ಅಂಗುಲ ಉದ್ದ. ನಮ್ಮ ಮನೆಯವರು ಹನ್ನೆರಡು ವರ್ಷದಿಂದ ಆ ತೋಳನ್ನು ಮಡಚಿಕೊಂಡು ಬಾಯಿಬಿಡದೆ ಹಾಕಿಕೊಳ್ಳುತ್ತಿದ್ದಾರೆ.

ನಾನು ಎರಡನೆಯ ಗುರುತನ್ನು ಆರಿಸಿಕೊಂಡೆ. ಸುತ್ತ ಎಲ್ಲ ಒದ್ದೆಯಾಗಿ ಸ್ವೆಟರ್ ಒಣಗಿದ್ದರೆ ನುಡಿಸುತ್ತೇನೆ, ಒದ್ದೆಯಾಗಿದ್ದರೆ ಇಲ್ಲ. ಸ್ಪಷ್ಟವಾದ ಇಂಗ್ಲಿಷಿನಲ್ಲಿ, ಎಲ್ಲ ಷರತ್ತುಗಳ ಸಮೇತ ಒಪ್ಪಿಸಿದೆ. ಯಲಹಂಕದ ಡಿಸೆಂಬರ್ ಕಂಡವರಿಗೆ ನನ್ನ ಕಳ್ಳಾಟ ಅರ್ಥವಾಗುತ್ತದೆ. ಆಗ ನಮ್ಮ ಸುತ್ತ ದ್ರಾಕ್ಷಿ ತೋಟಗಳು, ಕೆರೆ, ಬಯಲು. ಬೆಳಿಗ್ಗೆ ಎಂಟಾದರೂ ಎದುರು ಮನೆ ಕಾಣದಷ್ಟು ಮಂಜು. ರಾತ್ರಿಯೆಲ್ಲ ಹಿತ್ತಲಲ್ಲಿ ಬಿದ್ದಿದ್ದು ಒದ್ದೆಯಾಗದ ವಸ್ತುವನ್ನು ನಾನು ಆವರೆಗೆ ನೋಡಿರಲಿಲ್ಲ. ಅಂದರೆ, ಉತ್ತರ 'ಬೇಡ' ಎಂದೇ ಬರುವಂತೆ ಪ್ರಶ್ನೆಪತ್ರಿಕೆ ಬರೆದವಳು ನಾನೇ. ಕತ್ತಲಾಗುವ ಹೊತ್ತಿಗೆ ಸ್ವೆಟರನ್ನು ಒಗೆಯುವ ಕಲ್ಲಿನ ಮೇಲೆ ಹರಡಿ, ಉದ್ದದ ತೋಳನ್ನೂ ನೀಟಾಗಿ ಚಾಚಿ, ಚಿಲಕ ಹಾಕಿ, ಹಗುರ ಮನಸ್ಸಿನಿಂದ ಮಲಗಿದೆ. ನಾಳೆ ನುಡಿಸಬೇಡ ಎಂದು ಹೇಳುವವನು ದೇವರು. ನಾನಲ್ಲ.

ಇಷ್ಟು ಪೀಠಿಕೆಯ ಮೇಲೆ ಮತ್ತೆ ಶನಿವಾರ ಬೆಳಿಗ್ಗೆ ಆ ಹಿತ್ತಲ ಬಾಗಿಲಿಗೆ ಬನ್ನಿ. ಬಾಗಿಲು ಚಳಿಗೆ ಬಿಗಿದುಕೊಂಡಿತ್ತು. ಚಿಲಕವನ್ನು ಎರಡು ಮೂರು ಸಲ ಕಟಕಟ ಅಲ್ಲಾಡಿಸಬೇಕಾಯಿತು. ಆಚೆಮನೆಯ ರೊಟ್ಟಿ ತಟ್ಟುವ ಸದ್ದು ಒಂದರ್ಧ ನಿಮಿಷ ನಿಂತು, ಮತ್ತೆ ಟಪಟಪ ಶುರುವಾಯಿತು. ಸಣ್ಣಪುಟ್ಟದ್ದೆಲ್ಲ ಕಣ್ಣಿಗೆ ಕಿವಿಗೆ ಬೀಳುವುದು ನನ್ನ ಸ್ವಭಾವ. ಬಿದ್ದದ್ದರ ಅರ್ಥ ಹೊಳೆಯುವುದು ಮಾತ್ರ ಸಂಜೆಗೆ. ಬಾಗಿಲು ತೆಗೆದೆ. ಕಲ್ಲು ಒದ್ದೆ. ಬಕೆಟ್ಟಿನ ಹಿಡಿಯ ಮೇಲೆ ಹನಿ ಸಾಲು. ಬಟ್ಟೆ ಒಣಹಾಕುವ ತಂತಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ದಾಸವಾಳದ ಎಲೆಗಳೆಲ್ಲ ಮುಖ ತೊಳೆದು ನಿಂತಿದ್ದವು. ಸ್ವೆಟರನ್ನು ಮುಟ್ಟಿದೆ.

ಒಣಗಿತ್ತು. ಬರೀ ಒಣಗಿರಲಿಲ್ಲ, ಬೆಚ್ಚಗಿತ್ತು!

ಎದೆಗೆ ಒತ್ತಿಕೊಂಡು ಮೂಸಿದೆ. ಹೊಗೆಯ ವಾಸನೆ ಬಂತು. ಯಜ್ಞವೇದಿ, ಧೂಪ, ಅಗ್ನಿಸ್ತಂಭ ಎಲ್ಲ ಕಣ್ಣಮುಂದೆ ಬಂದವು. ಆ ಪವಿತ್ರ ವಸ್ತುವನ್ನು ಮಡಿಸಿ ಪೆಟ್ಟಿಗೆಯಲ್ಲಿ ಇಡಬೇಕೆಂದು ಒಳಗೆ ತಂದರೆ, ನಮ್ಮ ಮನೆಯವರು ನಡುಗುತ್ತ ನಿಂತಿದ್ದರು. "ಏನೇ, ಸ್ವೆಟರ್ ಹುಡುಕಿ ಹುಡುಕಿ ಸಾಕಾಯ್ತು. ಕೊಡು ಇಲ್ಲಿ" ಎಂದು ಕಿತ್ತುಕೊಂಡು ತೊಟ್ಟೇಬಿಟ್ಟರು. "ಅರೆ, ಬೆಚ್ಚಗಿದೆಯಲ್ಲೇ! ಇಸ್ತ್ರಿ ಮಾಡಿದ್ಯಾ?" ಎಂದು ತೋಳು ಮಡಚುತ್ತ ಮೂಗರಳಿಸಿದರು. "ಇದೇನು, ಶೇಂಗಾ ಚಟ್ನಿಪುಡಿ ವಾಸನೆ?"

"ರೀ, ಅದು ಧೂಪ" ಅಂದೆ.

ಅವರು ನನ್ನನ್ನು ಒಂದು ಸಲ ನೋಡಿದರು. ಹದಿಮೂರು ವರ್ಷ ಸಂಸಾರ ಮಾಡಿದ ಗಂಡಸಿಗೆ ಯಾವುದನ್ನು ಕೇಳಬಾರದೆಂದು ಗೊತ್ತಿರುತ್ತದೆ. ಕಾಫಿ ಕುಡಿದು, ದೇವರ ಉತ್ತರವನ್ನು ಮೈಮೇಲೆ ಹಾಕಿಕೊಂಡು, ಸೈಕಲ್ ತುಳಿಯುತ್ತ ರೈಲ್ವೆ ಡ್ಯೂಟಿಗೆ ಹೋದರು.

ಉತ್ತರ ಬಂದ ಮೇಲೆ ನೆಮ್ಮದಿಯಾಗಬೇಕಿತ್ತು. ನನಗೆ ಹೊಸ ಪೀಕಲಾಟ ಶುರುವಾಯಿತು. ಆ ರೈತ ಎರಡು ಸಲ ಕೇಳಿದ್ದ, ನಾನು ಒಂದೇ ಸಲ ಕೇಳಿದ್ದೇನಲ್ಲ? ಸ್ವೆಟರಿನ ಉಣ್ಣೆ ನಿಜವಾಗಿ ಕುರಿಯದೋ, ಅಂಗಡಿಯವನು ಸುಳ್ಳು ಹೇಳಿದ್ದನೋ? ಮಿಶ್ರ ಉಣ್ಣೆಯಾದರೆ ಉತ್ತರವೂ ಮಿಶ್ರವೇ? ಸಾರಿಗೆ ಎರಡು ಸಲ ಉಪ್ಪು ಬಿತ್ತು. ಮಧ್ಯಾಹ್ನ ಪ್ರೇಮ ಸಾರು ಬಾಯಿಗಿಟ್ಟು ಮುಖ ಕಿವುಚಿದಳು. ಆದರೂ ತುತ್ತನ್ನು ಇಳಿಸಿಕೊಂಡು, "ಅಮ್ಮಾ, ನಾಲ್ಕು ಗಂಟೆಗೆ ಬರ್ತೀಯಲ್ವಾ?" ಎಂದಳು. ಅಷ್ಟು ಉಪ್ಪನ್ನು ನುಂಗಿದ ಮಗುವಿಗೆ ಇಲ್ಲ ಅನ್ನುವುದು ಹೇಗೆ?

ದೇವಾಲಯಕ್ಕೆ ಹೋದಾಗ ಅಯ್ಯನವರು ಹಾರ್ಮೋನಿಯಂ ಹಿಂದೆ ಮಂಡಿಯೂರಿದ್ದರು. ಪ್ರಾರ್ಥನೆಗಲ್ಲ, ಒಳಗಿದ್ದ ಇಲಿಗೂಡನ್ನು ಎಳೆಯಲು. "ಅಯ್ಯನೋರೇ, ನನಗೆ ಒಂದು ಗುರುತು ಸಿಕ್ತು" ಎಂದು ನಾನು ಗಂಭೀರವಾಗಿ ಶುರುಮಾಡಿದೆ. "ಗುರುತು ಆಮೇಲೆ ಹೇಳೋರಂತೆ, ಮೊದಲು ಕೂತ್ಕೊಳ್ಳಿ ಅಮ್ಮಾ. ಮಕ್ಕಳಿಗೆ ಹಸಿವಾಗ್ತಿದೆ" ಅಂದರು, ಕೈಯಲ್ಲಿ ಇಲಿಗೂಡು ಹಿಡಿದೇ. ಹದಿನಾಲ್ಕು ಜೊತೆ ಕಣ್ಣುಗಳು ನನ್ನ ಕಡೆ ತಿರುಗಿದವು. ಕೂತೆ.

ಆ ಹಾರ್ಮೋನಿಯಂ ವಿಷಯ ಹೇಳಲೇಬೇಕು. ಅದರ ತಿದಿ ಎಲ್ಲೋ ತೂತಾಗಿತ್ತು. ಎರಡೂ ಕಾಲಿನಿಂದ ಬಿಡದೆ ತುಳಿಯುತ್ತಿದ್ದರೆ ಮಾತ್ರ ಸ್ವರ. ಅರೆಗಳಿಗೆ ನಿಂತರೂ ನಿಟ್ಟುಸಿರು ಬಿಟ್ಟು ಸತ್ತುಹೋಗುತ್ತದೆ. ಮೊದಲ ಸಾಲು ಹೇಗೋ ಬಂತು. ಎರಡನೆಯದರಲ್ಲಿ ಒಂದು ಬೆರಳು ತಪ್ಪಿತು. ಒಂದು ಹುಡುಗಿ ಕಿಸಕ್ಕೆಂದಳು. ಅಷ್ಟೇ, ಕಾನ್ವೆಂಟಿನ ಆ ಹದಿನಾಲ್ಕು ವರ್ಷದ ಹುಡುಗಿ ಬಂದು ನನ್ನ ಪಕ್ಕದಲ್ಲಿ ಕೂತಳು. ಮುಂದೇನು? ಯೋಚಿಸಲು ಕಾಲು ನಿಲ್ಲಿಸಿದೆ. ಪೆಟ್ಟಿಗೆ ಉಸ್ಸೆಂದು ಗಾಳಿ ಬಿಟ್ಟಿತು. ಅಭ್ಯಾಸಬಲದಿಂದ ಚಾವಣಿಯ ಕಡೆ ಕತ್ತೆತ್ತಿದೆ. ಆಗ ಪ್ರೇಮಳ ಚರಣ ಬಂತು. ಸ್ವರವಿಲ್ಲದಿದ್ದರೂ, ತಾಯಿ ಹಿಂದಿನಿಂದ ಬಂದೇ ಬರುತ್ತಾಳೆಂಬ ಹಾಗೆ, ಅವಳು ಒಬ್ಬಳೇ ಹಾಡತೊಡಗಿದಳು. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ನನಗೆ ಆ ಗಳಿಗೆಯಲ್ಲಿ ಇಂಗ್ಲಿಷಿನ ಒಂದು ಅಕ್ಷರವೂ ನೆನಪಾಗಲಿಲ್ಲ. "ಯೇಸಪ್ಪಾ, ನೀನೇ ನೋಡ್ಕೋ" ಎಂದು ಬಾಯಿಗೆ ಬಂತು. ಕಾಲು ತುಳಿಯಿತು. ಬೆರಳು ಅದರ ಪಾಡಿಗೆ ಅದು ಹೋಗಿ ಮಗಳ ಸ್ವರವನ್ನು ಹಿಡಿಯಿತು. ಹದಿಮೂರು ವರ್ಷ ಅಡಿಗೆಮನೆಯ ಕಟ್ಟೆಯೊಳಗೆ ಸದ್ದಿಲ್ಲದೆ ಕೂಡಿಟ್ಟದ್ದೆಲ್ಲ ಹೊರಗೆ ಬಂತು. ಆಮೇಲೆ ಎಷ್ಟು ತಪ್ಪಾಯಿತೋ ಗೊತ್ತಿಲ್ಲ, ಲೆಕ್ಕ ಇಡಲು ಪುರುಸೊತ್ತಿರಲಿಲ್ಲ. ತುಳಿಯಬೇಕಿತ್ತಲ್ಲ. ಮುಗಿದಾಗ ಅಯ್ಯನವರು, "ಕ್ರಿಸ್ಮಸ್‌ಗೆ ನೀವೇ. ಆಮೇಲೂ ನೀವೇ" ಅಂದರು. ನಾನು ಪ್ರಾರ್ಥನೆ ಮಾಡಿ ಹೇಳುತ್ತೇನೆ ಅನ್ನಲು ಮರೆತು, "ಆಗಲಿ" ಅಂದುಬಿಟ್ಟೆ.

ಅಯ್ಯನವರು ಗುರುತಿನ ಕಥೆ ಕೇಳಲೇ ಇಲ್ಲ. ಮನೆಯ ದಾರಿಯುದ್ದಕ್ಕೂ ಪ್ರೇಮ ಕುಣಿಯುತ್ತ ಬಂದಳು. ಯಾರೂ ನೋಡದಿದ್ದ ಕಡೆ ನಾನೂ ಎರಡು ಹೆಜ್ಜೆ ಹಾಕಿದೆ.

ಸಂಜೆ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಹಿತ್ತಲೂ ಒಗೆಯುವ ಕಲ್ಲೂ ನಮಗೂ ನೀಲವ್ವನವರಿಗೂ ಸೇರಿದ್ದು. ಅವರೂ ತಮ್ಮ ಸೀರೆ ತೆಗೆಯಲು ಬಂದರು.

"ಏನ್ರೀ ಅಕ್ಕಾರ, ಇವತ್ತ ಭಾಳ ಖುಷಿಯಾಗೀರಿ? ಹಾಡಾ ಗುಣಗುಣ ಅನಕೋತ ನಿಂತೀರಿ."

"ಹೂಂ ನೀಲವ್ವ, ಒಂದು ಒಳ್ಳೇದಾಯ್ತು."

"ಆಗ್ಲಿ, ಆಗ್ಲಿ. ಅಂದಂಗ, ನಿನ್ನಿ ಸ್ವೆಟರ್ ಮರತು ಕಲ್ಲಿನ ಮ್ಯಾಲೇ ಬಿಟ್ಟಿದ್ರಲ್ರೀ? ಮಂಜಿನ್ಯಾಗ ಅರಿವಿ ತೊಯ್ದ ತೊಪ್ಪಡಿ ಆಗ್ತದ, ಮುಂಜಾನೆ ಅಣ್ಣಾರು ಏನ ಹಾಕ್ಕೋಬೇಕು ಅಂತ ಒಳಗ ತಗೊಂಡ ಹೋಗಿದ್ದೆ. ಒಲಿ ಮಗ್ಗಲ ಹಾಕಿದ್ದೆ ನೋಡ್ರಿ, ಬೆಚ್ಚಗಿರ್ಲಿ ಅಂತ. ಮುಂಜಾನೆ ನಿಮ್ಮ ಚಿಲಕದ ಸಪ್ಪಳ ಕೇಳಿಸ್ತು, ಓಡಿ ಬಂದ ಎಲ್ಲಿತ್ತೋ ಅಲ್ಲೇ ಹಾಸಿ ಹೋದೆ. ಕೈಯಾಗ ಕೊಡೂಣ ಅಂದ್ರ ಹಂಚಿನ ಮ್ಯಾಲ ರೊಟ್ಟಿ ಹೊತ್ತತಿತ್ತು."

ನನ್ನ ಕೈಯಲ್ಲಿದ್ದ ದಿಂಬಿನ ಚೀಲ ಕೆಳಗೆ ಬಿತ್ತು. ಹೊಗೆಯ ವಾಸನೆ. ಶೇಂಗಾ ಚಟ್ನಿಪುಡಿ. ಅರ್ಧ ನಿಮಿಷ ನಿಂತಿದ್ದ ರೊಟ್ಟಿಯ ಸದ್ದು. ಎಲ್ಲವೂ ಒಟ್ಟಿಗೆ ಬಂದು ನನ್ನ ಮುಂದೆ ಸಾಲಾಗಿ ನಿಂತವು. ಬೇರೆ ದಾರಿಯಿಲ್ಲದೆ ನೀಲವ್ವನವರಿಗೆ ಎಲ್ಲವನ್ನೂ ಹೇಳಿದೆ: ಹಾರ್ಮೋನಿಯಂ, ಆ ರೈತ, ಉಣ್ಣೆ, ಇಬ್ಬನಿ, ಇಂಗ್ಲಿಷಿನಲ್ಲಿ ಕೇಳಿದ್ದು ಕೂಡ. ಅವರು ಸೀರೆಯ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು, ಮುಚ್ಚಿಕೊಳ್ಳುವುದನ್ನು ಬಿಟ್ಟು ನಕ್ಕರು, ಕೊನೆಗೆ ಕಲ್ಲಿನ ಮೇಲೆ ಕೂತು ನಕ್ಕರು.

"ಅಯ್ಯ ನಮ್ಮವ್ವಾ! ಬಾಯಿಲೆ ಕೇಳಿದ್ರ ಆಗ್ತಿದ್ದಿಲ್ಲೇನ್ರಿ? ನಿಮ್ಮ ಯೇಸಪ್ಪಗ ಕನ್ನಡ ಬರೂದಿಲ್ಲೇನು?"

ಬರುತ್ತದೆ ಎಂಬುದು ನನಗೆ ನಾಲ್ಕೂವರೆಗೆ ತಾನೇ ಗೊತ್ತಾಗಿತ್ತು. ಆದರೂ ಹಳೆಯ ಕಾಯಿಲೆ ಬಿಡಬೇಕಲ್ಲ. "ಈಗ ಏನ್ ಮಾಡೋದು ನೀಲವ್ವ? ಗುರುತು ಸುಳ್ಳಾಯ್ತು. ನಾನು ಆಗಲೇ ಒಪ್ಕೊಂಡ್ಬಿಟ್ಟೆ" ಅಂದೆ.

"ಪೆಟ್ಟಿಗಿ ಬಾರಿಸಿದ್ರೋ ಇಲ್ಲೋ?"

"ಬಾರಿಸ್ದೆ."

"ಹುಡುಗೂರು ಹಾಡಿದ್ರೋ ಇಲ್ಲೋ?"

"ಹಾಡಿದ್ರು."

"ಮತ್ತ?"

ಈ 'ಮತ್ತ'ವನ್ನು ನಾನು ಇವತ್ತಿಗೂ ತಿರುವಿ ತಿರುವಿ ನೋಡುತ್ತಿದ್ದೇನೆ. ಮಂಜನ್ನು ತಡೆಯದ ದೇವರು, ನೆನೆಯುವ ಸ್ವೆಟರನ್ನು ಕಂಡರೆ ಸುಮ್ಮನಿರಲಾರದ ಹೆಂಗಸೊಬ್ಬಳನ್ನು ಗದಗಿನಿಂದ ಕರೆಸಿ ನನ್ನ ಗೋಡೆಯ ಪಕ್ಕದಲ್ಲಿ ಇಟ್ಟಿದ್ದ. ಇದನ್ನು ಗುರುತು ಎನ್ನಬೇಕೋ, ಅಥವಾ ಬರೀ ನೆರೆಹೊರೆ ಎನ್ನಬೇಕೋ? ಒಂದು ವೇಳೆ ಗುರುತೇ ಆದರೆ ಅದು ಹಾರ್ಮೋನಿಯಂಗೆ ಮಾತ್ರ ಸಂಬಂಧಿಸಿದ್ದೋ, ಅಥವಾ ಕ್ರಿಸ್ಮಸ್‌ಗೆ ರವೆ ಉಂಡೆಯನ್ನೂ ಮಾಡಬೇಕೋ ಬೇಡವೋ ಎಂಬುದಕ್ಕೂ ಅನ್ವಯಿಸುತ್ತದೋ? ನಾನು ಬಿದ್ದ ದಿಂಬಿನ ಚೀಲವನ್ನು ಎತ್ತಿ ಕೈಯಲ್ಲಿ ಹಿಡಿದುಕೊಂಡು ಹೀಗೆ ಯೋಚಿಸುತ್ತ ನಿಂತಿರುವಾಗಲೇ ನೀಲವ್ವ ಸೀರೆಗಳನ್ನು ಹೆಗಲಿಗೆ ಹಾಕಿಕೊಂಡು ಎದ್ದರು. ಬಾಗಿಲಲ್ಲಿ ತಿರುಗಿ ನಿಂತು, ನಾಳೆ ಒಂದಿಷ್ಟು ಮಜ್ಜಿಗೆ ಇಟ್ಟಿರಿ ಎಂದು ಹೇಳುವ ಧ್ವನಿಯಲ್ಲೇ ಅಂದರು:

"ಇನ್ನೊಮ್ಮೆ ದೇವರಿಗೆ ಏನರ ಕೇಳೂದಿದ್ರ ಮದ್ಲ ನನಗ ಒಂದ ಮಾತ ಹೇಳ್ರಿ ಅಕ್ಕಾರ. ನಾ ಅರಿವಿ ಒಳಗ ತರೂದಿಲ್ಲ."